ದರಕಿನಲ್ಲಿರುವ ಪೊಲೋನಿಯಂ ಎಲ್ಲಿಯದು?

(ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರೊಬ್ಬರ ಪತ್ರದ ಸಾರ: “ಕೈಗಾ ಸುತ್ತಿನ ಕಾಡಿನ ದರಕು [ಉದುರಿದ ಒಣ ಎಲೆ], ಪಾಚಿಯಲ್ಲಿ ಪೊಲೋನಿಯಂ ಎಂಬ ವಿಕಿರಣಶೀಲ ಧಾತು ಇದೆಯಂತೆ. ಅಣುಸ್ಥಾವರದ್ದೇ ತಾನೆ? ಸೊಪ್ಪಿನಬೆಟ್ಟದ [ತೋಟಕ್ಕೆ ಸೊಪ್ಪು ತರುವ ಕಾಡಿನ] ದರಕನ್ನು ತೋಟಕ್ಕೆ ಹಾಕುವುದು ಬಿಡಬೇಕೆ?”)

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಬಿಡಬೇಡಿ, ಧಾರಾಳವಾಗಿ ಹಾಕಿ.

ಪೊಲೋನಿಯಂ ಇರುವುದು ನಿಜ. ಕೈಗಾ ಕಾಡಿನ ಮಣ್ಣು, ಎಲೆ, ಮರದ ಮೇಲಿನ ಪಾಚಿಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಅಳೆದಿದ್ದಾರೆ. ಆದರೆ ಅದು ಬಂದ ದಾರಿಯೇ ಬೇರೆ. ಎಲ್ಲ ಕಲ್ಲುಮಣ್ಣಿನಲ್ಲೂ ಚೂರುಪಾರು ಯುರೇನಿಯಂ ಇರುತ್ತದೆ. ಅದು ಹಂತಹಂತವಾಗಿ ಒಡೆಯುತ್ತ ಹೋದಂತೆ ರೇಡಾನ್ ಎಂಬ ಅನಿಲ ಹುಟ್ಟಿ, ನೆಲದ ಬಿರುಕಿನಿಂದ ಗಾಳಿಗೆ ಸೇರುತ್ತದೆ. ರೇಡಾನಿನ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಕಾಲ, ಬರೀ 3.8 ದಿನ. ಗಾಳಿಯಲ್ಲೇ ಒಡೆದು ಕೊನೆಗೆ ಸೀಸ-210 ಆಗುತ್ತದೆ, ದೂಳಿಗೆ ಅಂಟಿ ಮಳೆಯೊಂದಿಗೆ ಇಳಿಯುತ್ತದೆ. ಈ ಸೀಸದ ಅರ್ಧಾಯುಷ್ಯ 22 ವರ್ಷ. ಅದರಿಂದ ಹುಟ್ಟುವುದೇ ಪೊಲೋನಿಯಂ-210.

ನಿಮ್ಮ ಬೆಟ್ಟದ ಮತ್ತಿಮರದ ಕಾಂಡವನ್ನೇ ನೋಡಿ. ಅದಕ್ಕಂಟಿದ ಪಾಚಿಗೆ ಮಣ್ಣಿಗಿಳಿವ ಬೇರಿಲ್ಲ. ಮೇಲಿಂದ ಬಂದ ನೀರು, ದೂಳೇ ಅದರ ಊಟ. ಹಾಗಾಗಿ ಆಕಾಶದಿಂದ ಇಳಿದದ್ದೆಲ್ಲ ಅಲ್ಲಿ ಜಮೆ. ಎಲೆಗಳ ಮೇಲೆ ಕೂತದ್ದು ಉದುರಿ ದರಕಾಗುತ್ತದೆ. ಕಳಿತ ದರಕು ಸೀಸವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಅದು ಬೇರಿಗೆ ಸಿಗುವುದು ಕಡಿಮೆ. (ಬೀಡಿ ಸೇದುವವರಿದ್ದರೆ ಅವರಿಗೆ ಹೇಳಿ: ಹೊಗೆಸೊಪ್ಪಿನ ಅಂಟುರೋಮಕ್ಕೂ ಇದೇ ಪೊಲೋನಿಯಂ ಮೆತ್ತಿಕೊಳ್ಳುತ್ತದೆ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.)

ಬೇರಿನಿಂದ ಮರಕ್ಕೇರುವ ವಿಕಿರಣದಲ್ಲಿ ಪೊಟ್ಯಾಶಿಯಂನ ವಿಕಿರಣಶೀಲ ರೂಪವಾದ ಪೊಟ್ಯಾಶಿಯಂ-40ರದೇ ದೊಡ್ಡ ಪಾಲು. ಥೋರಿಯಂ ಮಣ್ಣು ಬಿಟ್ಟು ಕದಲುವುದು ಅಪರೂಪ. ರೇಡಿಯಂ ಮಾತ್ರ ಸುಣ್ಣದಂಶದ ವೇಷದಲ್ಲಿ ಅಷ್ಟಿಷ್ಟು ನುಸುಳುತ್ತದೆ. ಒಂದು ಗ್ರಾಂ ಪೊಟ್ಯಾಶಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ, ಅಂದರೆ 31 ಬೆಕ್ವೆರೆಲ್. ನಿಮ್ಮ ಬಚ್ಚಲೊಲೆಯ ಒಂದು ಕಿಲೋ ಬೂದಿಯಲ್ಲಿ 50 ಗ್ರಾಂ ಪೊಟ್ಯಾಶಿಯಂ ಇದ್ದರೆ ಲೆಕ್ಕ 1500 ದಾಟುತ್ತದೆ. ಹೆದರಬೇಡಿ, 70 ಕಿಲೋ ತೂಗುವ ಮನುಷ್ಯನ ಮೈಯಲ್ಲೇ ಸುಮಾರು 4000 ಬೆಕ್ವೆರೆಲ್ ಪೊಟ್ಯಾಶಿಯಂ-40 ಇದೆ.

ಹಾಗಂತ ಕೈಗಾವನ್ನು ಪ್ರಶ್ನಿಸಬೇಡಿ ಎಂದಲ್ಲ, ಖಂಡಿತ ಪ್ರಶ್ನಿಸಿ. ಆದರೆ ಪೊಲೋನಿಯಂ ಹಿಡಿದು ಹೋದರೆ ಮೊದಲ ಮಾತಿಗೇ ನಿಮ್ಮನ್ನು ಕೂರಿಸುತ್ತಾರೆ. ಅಲ್ಲಿರುವುದು ಭಾರಜಲದ ರಿಯಾಕ್ಟರು, ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. ನೀರು, ಗಾಳಿಯಲ್ಲಿನ ಟ್ರಿಟಿಯಂ ಅಂಕಿಗಳನ್ನು ವರ್ಷವಾರು ಕೇಳಿ. ಅಣುಸ್ಥಾವರ, ಅಣುಬಾಂಬು ಎರಡರಲ್ಲೂ ಹುಟ್ಟುವ ಸೀಸಿಯಂ-137 ಸಿಕ್ಕಿತೆಂದೂ ಅವಸರ ಬೇಡ. 1980ರವರೆಗೆ ಗಾಳಿಯಲ್ಲಿ ಸಿಡಿಸಿದ ಅಣುಬಾಂಬುಗಳ ಸೀಸಿಯಂ ಕಾಡಿನ ಮೇಲ್ಮಣ್ಣಿನಲ್ಲಿ ಇನ್ನೂ ಕೂತಿದೆ, ಅದರ ಅರ್ಧಾಯುಷ್ಯವೇ 30 ವರ್ಷ. ಸ್ಥಾವರ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿದ್ದು 2000ದಲ್ಲಿ. ಅದಕ್ಕೆ ಮುಂಚಿನ ಅಂಕಿ ಪಕ್ಕದಲ್ಲಿಟ್ಟುಕೊಂಡು ನೋಡಿದರಷ್ಟೇ ಏನಾದರೂ ಹೇಳಬಹುದು.

ದರಕಿನ ವಿಷಯದಲ್ಲಿ ಒಂದೇ ಕೋರಿಕೆ. ಗುಡ್ಡೆ ಹಾಕಿ ಸುಡಬೇಡಿ. ಪೊಲೋನಿಯಂ ಬೆಂಕಿಗೆ ಬೇಗ ಆವಿಯಾಗಿ ಹೊಗೆಯೊಂದಿಗೆ ಏಳುತ್ತದೆ. ಕೊಟ್ಟಿಗೆಗೆ ಹಾಸಿ, ಗೊಬ್ಬರಗುಂಡಿಗೆ ಹಾಕಿ, ಅಲ್ಲಿಂದ ಅಡಿಕೆ ಬುಡಕ್ಕೆ ಹೋಗಲಿ.

– ಸಂ.