ಗಾಡಿ ಮಾತು: ಇಸಿಯು ಆಮೇಲೆ, ಟ್ಯೂನ್ ಮಾಡುವವರು ಮೊದಲು

ಪ್ರಶ್ನೆ: ನನ್ನ ಹತ್ತಿರ 2003ರ ಮಾರುತಿ ಎಸ್ಟೀಮ್ ಕಾರು ಇದೆ. ಆಟೋಕ್ರಾಸ್ ರೇಸಿಗೆ ಅಂತಲೇ ಇಟ್ಟುಕೊಂಡಿದ್ದೇನೆ, ರಸ್ತೆಗೆ ಇಳಿಸುವುದಿಲ್ಲ. ಹೆಡ್ ಕೆಲಸ ಆಗಿದೆ, ಬೇರೆ ಕ್ಯಾಮ್ ಶಾಫ್ಟ್ ಹಾಕಿಸಿದ್ದೇನೆ. ಈಗ ಐಡಲ್‌ನಲ್ಲಿ ಗಾಡಿ ಕುಣಿಯುತ್ತದೆ, ಹೊಗೆ ವಾಸನೆ ಜಾಸ್ತಿ. ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ (ಇಸಿಯು) ಬದಲಾಯಿಸಬೇಕಂತೆ. ಅದಕ್ಕೆ ಒಬ್ಬರು ಸ್ಪೀಡುಯಿನೋ ಸಾಕು ಅನ್ನುತ್ತಾರೆ. ಇನ್ನೊಬ್ಬರು ಹಾಲ್‌ಟೆಕ್ ಅಥವಾ ಲಿಂಕ್ ಬಿಟ್ಟು ಬೇರೆ ಮುಟ್ಟಬೇಡ ಅನ್ನುತ್ತಾರೆ. ಪಿಗ್ಗಿಬ್ಯಾಕ್ ಅಂತಲೂ ಒಂದಿದೆಯಂತೆ. ಯಾವುದು ತಗೊಳ್ಳಲಿ? ಯಾವ ಸಾಫ್ಟ್‌ವೇರ್ ಕಲಿಯಲಿ?
– ಓದುಗರೊಬ್ಬರು, ಗುಬ್ಬಿ

ಉತ್ತರ: ದುಡ್ಡು ಕೊಡುವ ಮೊದಲು ಇದನ್ನು ಹೇಳಿ. ಟ್ಯೂನ್ ಮಾಡುವವರು, ಅಂದರೆ ಇಸಿಯು ಒಳಗಿನ ಪೆಟ್ರೋಲ್, ಕಿಡಿಯ ಲೆಕ್ಕ ತಿದ್ದುವವರು ಯಾರು? ನೀವೇ ಲ್ಯಾಪ್‌ಟಾಪ್ ಹಿಡಿದು ಕೂರುತ್ತೀರಾ, ಇಲ್ಲ ಬೇರೆಯವರಿಗೆ ಕೊಡುತ್ತೀರಾ? ಅದು ತೀರ್ಮಾನ ಆಗದೆ ಇಸಿಯು ಕೊಳ್ಳಬೇಡಿ. ಅಂತರಸನಹಳ್ಳಿ ಕಡೆ ಇರುವ ನನ್ನ ಶೆಡ್‌ಗೆ ದುಬಾರಿ ಇಸಿಯು ಹಾಕಿದ ಗಾಡಿಗಳು ಬಂದಿವೆ. ಒಳಗೆ ನೋಡಿದರೆ ಡಬ್ಬಿಯ ಜೊತೆ ಬಂದ ಮ್ಯಾಪ್ (ಆ ಲೆಕ್ಕದ ಕೋಷ್ಟಕ) ಹಾಗೆಯೇ ಕೂತಿರುತ್ತದೆ. ಅದು ಎಂಜಿನ್ ಸ್ಟಾರ್ಟ್ ಆಗಲಿ ಅಂತ ಕೊಟ್ಟಿರುವ ಮ್ಯಾಪ್ ಅಷ್ಟೇ.

ಕಂಪನಿಯ ಇಸಿಯು ಯಾಕೆ ಸೋಲುತ್ತಿದೆ ಅಂತ ಹೇಳುತ್ತೇನೆ. ಹೊಸ ಕ್ಯಾಮ್‌ನಲ್ಲಿ ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಹಾಗಾಗಿ ಐಡಲ್‌ನಲ್ಲಿ ವ್ಯಾಕ್ಯೂಮ್ ಕಮ್ಮಿ ಆಗುತ್ತದೆ. ಪ್ರೆಶರ್ ಸೆನ್ಸರ್ ಅದನ್ನು ನೋಡಿ ಎಂಜಿನ್ ಮೇಲೆ ಲೋಡ್ ಬಂತು ಅಂತ ಲೆಕ್ಕ ಹಾಕುತ್ತದೆ, ಪೆಟ್ರೋಲ್ ಜಾಸ್ತಿ ಬಿಡಿಸುತ್ತದೆ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ಆ ಪೆಟ್ರೋಲ್. ಪಿಗ್ಗಿಬ್ಯಾಕ್ ಹಾಕಿದರೆ ಇದೇ ಇಸಿಯುಗೆ ಸುಳ್ಳು ಸಿಗ್ನಲ್ ಕೊಟ್ಟು ಸಂಭಾಳಿಸಬೇಕು. ಸಣ್ಣಪುಟ್ಟ ಬದಲಾವಣೆಗೆ ಅದು ನಡೆಯುತ್ತದೆ. ಕ್ಯಾಮ್ ಬದಲಾಯಿಸಿದ ಮೇಲೆ ಆ ದಾರಿ ಬೇಡ.

ಇನ್ನು ಸಾಫ್ಟ್‌ವೇರ್. ಹಾಲ್‌ಟೆಕ್‌ನ ಎನ್‌ಎಸ್‌ಪಿ, ಲಿಂಕ್‌ನ ಪಿಸಿಲಿಂಕ್ ಎರಡನ್ನೂ ಇಸಿಯು ಇಲ್ಲದೆಯೇ ಸುಮ್ನೆ ಡೌನ್‌ಲೋಡ್ ಮಾಡಿ ತೆರೆದು ನೋಡಬಹುದು, ಕಾಸಿಲ್ಲ. ಸ್ಪೀಡುಯಿನೋ ಮತ್ತು ಇನ್ನೊಂದು ಇಸಿಯು ಆದ ಮೆಗಾಸ್ಕ್ವರ್ಟ್‌ಗೆ ಟ್ಯೂನರ್‌ಸ್ಟುಡಿಯೋ ಬಳಸುತ್ತಾರೆ. ಅದರ ಲೈಟ್ ಆವೃತ್ತಿಗೂ ದುಡ್ಡಿಲ್ಲ. ಗಾಡಿ ಓಡುವಾಗಲೇ ಪೆಟ್ರೋಲ್ ಟೇಬಲ್ ತಿದ್ದುವ ವಿಇ ಅನಲೈಸ್ ಬೇಕಿದ್ದರೆ ಮಾತ್ರ ದುಡ್ಡು ಕಟ್ಟಬೇಕು. ಒಂದು ಭಾನುವಾರ ಮೂರನ್ನೂ ತೆರೆದು ಕೂತುಕೊಳ್ಳಿ. ಫ್ಯುಯೆಲ್ ಟೇಬಲ್ ಎಲ್ಲಿದೆ, ಇಗ್ನಿಷನ್ ಟೇಬಲ್ ಎಲ್ಲಿದೆ, ಲಾಗ್ (ಗಾಡಿ ಓಡುವಾಗಿನ ಅಂಕಿಗಳ ದಾಖಲೆ) ಹೇಗೆ ತೆಗೆಯುವುದು ನೋಡಿ. ಯಾವುದರಲ್ಲಿ ನಿಮ್ಮ ಕೈ ತಾನಾಗಿ ಓಡುತ್ತದೋ ಅದನ್ನು ಗುರುತು ಹಾಕಿಕೊಳ್ಳಿ.

ನನ್ನ ಮಾತು ಕೇಳಿದರೆ, ನೀವೇ ಕೂತು ಕಲಿಯುವುದಾದರೆ ಸ್ಪೀಡುಯಿನೋ ಸಾಕು. ಅರ್ಡುಯಿನೋ ಮೆಗಾ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ನಡೆಯುತ್ತದೆ, ನಾಲ್ಕು ಸಿಲಿಂಡರ್‌ಗೆ ಧಾರಾಳ. ಉಳಿದ ದುಡ್ಡಲ್ಲಿ ಒಳ್ಳೆಯ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿಸಿ, ಹೊಗೆ ನೋಡಿ ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ ಹೇಳುವುದು ಅದೇ. ಬಾಷ್ ಎಲ್‌ಎಸ್‌ಯು 4.9 ಕೇಳಿ. ಬೆಂಗಳೂರಿನ ಡೈನೋಗೆ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಒಯ್ದು ಒಬ್ಬ ಟ್ಯೂನರ್ ಕೈಗೆ ಒಪ್ಪಿಸುವುದಾದರೆ, ಅವರು ದಿನಾ ಬಳಸುವ ಇಸಿಯು ಯಾವುದು ಅಂತ ಕೇಳಿ ಅದನ್ನೇ ತಗೊಳ್ಳಿ. ಅವರಿಗೆ ಗೊತ್ತಿಲ್ಲದ ಡಬ್ಬಿ ಕೊಟ್ಟರೆ ಅವರು ಕಲಿಯುವ ಹೊತ್ತಿಗೂ ಡೈನೋ ಬಾಡಿಗೆ ನಿಮ್ಮದೇ.

ವೈರಿಂಗ್ ವಿಷಯ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಅದರಲ್ಲಿ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಗಾಡಿಗೆ ಕ್ರ್ಯಾಂಕ್ ಪುಲ್ಲಿ ಮೇಲೆ 36-1 ಟ್ರಿಗರ್ ವೀಲ್ (36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಬಿಟ್ಟ ಚಕ್ರ, ಸೆನ್ಸರ್ ಇದನ್ನು ನೋಡಿ ಕ್ರ್ಯಾಂಕ್ ಎಲ್ಲಿದೆ ಅಂತ ಹೇಳುತ್ತದೆ) ಕೂರಿಸಿ ಹೊಸ ಇಸಿಯು ಹಾಕಿದ್ದೆ. 5,000 ಆರ್‌ಪಿಎಂವರೆಗೆ ಬೆಣ್ಣೆ ಹಾಗೆ. ಆಮೇಲೆ ಮಿಸ್ ಹೊಡೆಯುತ್ತಿತ್ತು. ಪ್ಲಗ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ, ಪಂಪ್ ಇಳಿಸಿದೆ. ಮೂರು ದಿನ ಹೋಯಿತು. ಕೊನೆಗೆ ಲಾಗ್‌ನಲ್ಲಿ ಸಿಂಕ್ ಲಾಸ್ ಅನ್ನುವ ಕಾಲಂ ತೆರೆದೆ. ಸೊನ್ನೆ ಇರಬೇಕಾದ ಅಂಕಿ ಪ್ರತಿ ಮಿಸ್‌ಗೂ ಒಂದೊಂದು ಏರುತ್ತಿತ್ತು. ಅಂದರೆ ಪೆಟ್ರೋಲೂ ಅಲ್ಲ, ಕಿಡಿಯೂ ಅಲ್ಲ. ಕ್ರ್ಯಾಂಕ್ ಎಲ್ಲಿದೆ ಅನ್ನುವುದೇ ಇಸಿಯುಗೆ ತಪ್ಪಿಹೋಗುತ್ತಿತ್ತು. ಸೆನ್ಸರ್ ವೈರನ್ನು ನಾನೇ ಪ್ಲಗ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದಿದ್ದೆ. ಶೀಲ್ಡ್ ಜಾಲರಿಯನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಿದ್ದೆ. ಬಿಚ್ಚಿ ಬೇರೆ ದಾರಿಯಲ್ಲಿ ತಂದು, ಶೀಲ್ಡನ್ನು ಇಸಿಯು ಕಡೆ ಮಾತ್ರ ಅರ್ತ್‌ಗೆ ಕೊಟ್ಟೆ. ಗಾಡಿಯ ತಗಡಿಗೆ ಬೋಲ್ಟ್ ಹಾಕಿದ್ದ ಅರ್ತ್ ರಿಂಗ್ ಕೆಳಗೆ ಪೇಂಟ್ ಇತ್ತು. ಎಮೆರಿ ಪೇಪರ್‌ನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಅರ್ತನ್ನು ಸೀದಾ ಎಂಜಿನ್ ಬ್ಲಾಕ್‌ಗೂ ಎಳೆದೆ. ಸಂಜೆ ಗಾಡಿ ಲಿಮಿಟರ್‌ವರೆಗೆ ಹೋಯಿತು. ಆ ಗಾಡಿಯ ಮಾಲೀಕರಿಗೆ ಮೂರು ದಿನದ ಕೂಲಿ ಹಾಕಲಿಲ್ಲ. ನಿಮ್ಮದು ಎರಡು ವೈರಿನ ಮ್ಯಾಗ್ನೆಟ್ ಸೆನ್ಸರ್ ಆಗಿದ್ದರೆ ಸ್ಪೀಡುಯಿನೋಗೆ ಸಿಗ್ನಲ್ ಹದ ಮಾಡುವ ವಿಆರ್ ಕಂಡೀಷನರ್ ಬೇಕು. ಹಾಲ್ ಅನ್ನುವ ಇನ್ನೊಂದು ಬಗೆಯ ಸೆನ್ಸರ್‌ಗೆ ಅದು ಬೇಡ.

ಎಲ್ಲ ಜೋಡಿಸಿದ ಮೇಲೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಪ್ರೆಶರ್ ಸೆನ್ಸರ್ ಅಂಕಿ ನೋಡಿ. ನಮ್ಮ ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿದೆ, ಹಾಗಾಗಿ ಸುಮಾರು 92 ಕಿಲೋಪ್ಯಾಸ್ಕಲ್ ತೋರಿಸಬೇಕು. 101 ತೋರಿಸಿದರೆ ಅದು ಮಂಗಳೂರಿನ ಗಾಳಿ. ಸೆನ್ಸರ್ ಕ್ಯಾಲಿಬ್ರೇಷನ್ ತಪ್ಪಿದೆ, ಮ್ಯಾಪ್ ಮುಟ್ಟುವ ಮೊದಲು ಅದನ್ನು ಸರಿ ಮಾಡಿ. ಇದಾದ ಮೇಲೆ ಎಂಜಿನ್ ತಿರುಗಿಸಿ. ಟೈಮಿಂಗ್ ಅಂದರೆ ಕಿಡಿ ಬೀಳುವ ಹೊತ್ತು. ಟೈಮಿಂಗ್ ಲೈಟ್ ಹಿಡಿದು, ಲ್ಯಾಪ್‌ಟಾಪ್ ಹೇಳುವ ಡಿಗ್ರಿಯೂ ಪುಲ್ಲಿ ಮೇಲಿನ ಗುರುತೂ ಒಂದೇ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಪೆಟ್ರೋಲ್ ಟೇಬಲ್, ಕೊನೆಗೆ ಟೈಮಿಂಗ್. ವಿಇ ಅನಲೈಸ್ ಪೆಟ್ರೋಲ್ ತಿದ್ದುತ್ತದೆಯೇ ಹೊರತು ಟೈಮಿಂಗ್ ಮುಟ್ಟುವುದಿಲ್ಲ. ಫುಲ್ ಥ್ರಾಟಲ್ ಟೈಮಿಂಗನ್ನು ದಯವಿಟ್ಟು ಡೈನೋ ಮೇಲೆಯೇ ಮಾಡಿ. ಶಿರಾ ಹೈವೇಯಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್, ತೊಡೆ ಮೇಲೆ ಲ್ಯಾಪ್‌ಟಾಪ್ ಖಂಡಿತ ಬೇಡ.

ಪ್ರಶ್ನೆ: ಇ20 (20% ಎಥನಾಲ್ ಬೆರೆತ ಪೆಟ್ರೋಲ್) ಹಾಕಿದ ಮೇಲೂ ನನ್ನ ವೈಡ್‌ಬ್ಯಾಂಡ್ ಮೀಟರ್ 14.7 ಅಂತಲೇ ತೋರಿಸುತ್ತದೆ. ಮೀಟರ್ ಕೆಟ್ಟಿದೆಯಾ?
– ಓದುಗರೊಬ್ಬರು, ಕೋಲಾರ

ಉತ್ತರ: ಕೆಟ್ಟಿಲ್ಲ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾ, ಅಂದರೆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಅನ್ನುವುದು. ಸರಿಸಮ ಇದ್ದರೆ 1. ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಇ20ಯಲ್ಲಿ ನಿಜವಾದ ಗಾಳಿ-ಪೆಟ್ರೋಲ್ ಅನುಪಾತ ಸುಮಾರು 13.5. ಮೀಟರನ್ನು ಲ್ಯಾಂಬ್ಡಾಗೆ ಬದಲಾಯಿಸಿಬಿಡಿ, ಆಗ ಯಾವ ಪೆಟ್ರೋಲಿಗೂ 1 ಅಂದರೆ 1. ಆದರೆ ಒಂದು ಎಚ್ಚರ. ಹಳೆಯ ಪೆಟ್ರೋಲಿನಲ್ಲಿ ಮಾಡಿದ ಮ್ಯಾಪ್ ಇ20ಯಲ್ಲಿ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ನಿಧಾನವಾಗಿ ಓಡುವಾಗ ಇಸಿಯು ತಾನೇ ತಿದ್ದಿಕೊಳ್ಳುತ್ತದೆ. ಫುಲ್ ಥ್ರಾಟಲ್‌ನಲ್ಲಿ ಬಹಳಷ್ಟು ಗಾಡಿಗಳಲ್ಲಿ ಆ ತಿದ್ದುವಿಕೆ ಇರುವುದಿಲ್ಲ. ಅಲ್ಲಿ ಲ್ಯಾಂಬ್ಡಾ 0.86ರ ಆಸುಪಾಸು ಇದೆಯಾ ಅಂತ ಒಂದು ಲಾಗ್ ತೆಗೆದು ನೋಡಿ.

ಪ್ರಶ್ನೆ: ದಿನಾ ಓಡಿಸುವ ಟರ್ಬೊ ಕಾರಿಗೆ ಒಬ್ಬರು ಗಾಡಿ ನೋಡದೆಯೇ ವಾಟ್ಸಾಪ್‌ನಲ್ಲಿ ರೀಮ್ಯಾಪ್ ಫೈಲ್ ಕಳಿಸುತ್ತಾರಂತೆ. ಹಾಕಿಸಲಾ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಬೇಡ. ನಿಮ್ಮ ಗಾಡಿಯ ಒಂದು ಲಾಗ್ ಕೂಡ ಕೇಳದವರು ಯಾವ ಆಧಾರದ ಮೇಲೆ ಟೈಮಿಂಗ್ ಮುಂದೆ ತಳ್ಳುತ್ತಾರೆ? ಜೊತೆಗೆ ನೋಂದಣಿಯಾದ ಗಾಡಿಯನ್ನು ಕಂಪನಿ ಕೊಟ್ಟ ರೀತಿಯಿಂದ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ವಾರಂಟಿ, ಇನ್ಶೂರೆನ್ಸ್ ಎರಡಕ್ಕೂ ತಕರಾರು. ಈಗಾಗಲೇ ಹಾಕಿಸಿದ್ದರೆ, ಮೊದಲಿನ ಒರಿಜಿನಲ್ ಫೈಲ್ ಅವರ ಹತ್ತಿರ ಇದೆಯಾ ಅಂತ ಇವತ್ತೇ ಕೇಳಿ, ಇಸ್ಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.