‘ಕ್ಲಿಕ್’ ಅನ್ನದೆ ಬಿಡದ ಫೋನು

ಈ ಸಲ ಬಂದ ಪತ್ರಗಳಲ್ಲಿ ಮೊಬೈಲ್ ಕ್ಯಾಮೆರಾದ ಶಟರ್ ಸದ್ದಿನ ಬಗ್ಗೆಯೇ ಹೆಚ್ಚು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕೊರಿಯಾದಲ್ಲಿ ಕೆಲಸಕ್ಕಿರುವ ಮಗಳು ತಾನು ಬಳಸುತ್ತಿದ್ದ ಗ್ಯಾಲಕ್ಸಿ ಎಸ್23 ನನಗೆ ಕೊಟ್ಟು ಹೋಗಿದ್ದಾಳೆ. ತೋಟದ ಅತ್ತಿ ಮರಕ್ಕೆ ಬರುವ ಮಂಗಟ್ಟೆಯ ಫೋಟೊ ತೆಗೆಯೋಣವೆಂದರೆ, ಸೈಲೆಂಟ್‌ನಲ್ಲಿಟ್ಟರೂ ‘ಕ್ಲಿಕ್’ ಅನ್ನುತ್ತದೆ. ಗೋಣಿಕೊಪ್ಪದ ಅಂಗಡಿಯಲ್ಲಿ ರೀಸೆಟ್ ಮಾಡಿಸಿದೆ, ಏನೂ ಬದಲಾಗಲಿಲ್ಲ. ಫೋನ್ ಕೆಟ್ಟಿದೆಯೇ? ಸ್ಪೀಕರ್‌ಗೆ ಟೇಪ್ ಅಂಟಿಸಬಹುದೇ?
— ಪೊನ್ನಂಪೇಟೆಯ ಬೆಳೆಗಾರರು

ಉತ್ತರ: ಕೆಟ್ಟಿಲ್ಲ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ಸದ್ದು ಮಾಡುವಂಥ ಶಟರ್ ಪರದೆಯೇ ಇಲ್ಲ. ಚಿತ್ರ ಸೆರೆಹಿಡಿಯುವುದು ಸೆನ್ಸರ್, ಅದೂ ಸದ್ದಿಲ್ಲದೆ. ಕೇಳಿಸುವುದು ಮೊದಲೇ ರೆಕಾರ್ಡ್ ಮಾಡಿಟ್ಟ ಪುಟ್ಟ ಆಡಿಯೊ ಫೈಲು. ಬೇರೆ ಕಡೆ ಮಾರುವ ಫೋನಿನಲ್ಲಿ ಅದು ಸೈಲೆಂಟ್ ಗುಂಡಿಯ ಮಾತು ಕೇಳುತ್ತದೆ. ಕೊರಿಯಾ, ಜಪಾನ್ ಮಾರುಕಟ್ಟೆಗೆಂದು ತಯಾರಾದ ಫೋನಿನಲ್ಲಿ ಕೇಳುವುದಿಲ್ಲ.

ಮೊದಲು ಫೋನ್ ಯಾವ ದೇಶದ್ದೆಂದು ಖಚಿತಪಡಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ಮಾಡೆಲ್ ನಂಬರ್ ನೋಡಿ. ನಮ್ಮಲ್ಲಿ ಮಾರುವ ಎಸ್23 ‘ಎಸ್‌ಎಂ-ಎಸ್911ಬಿ’. ಕೊರಿಯಾದ್ದರ ಕೊನೆಯಲ್ಲಿ ‘ಬಿ’ ಬದಲು ‘ಎನ್’ ಇರುತ್ತದೆ. ‘ಎನ್’ ಇದ್ದು, ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಶಟರ್ ಸೌಂಡ್’ ಎಂಬ ಆಯ್ಕೆಯೇ ಕಾಣದಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಫ್ಯಾಕ್ಟರಿ ರೀಸೆಟ್‌ನಿಂದ ಹೋಗುವುದು ನಿಮ್ಮ ಫೋಟೊ, ಆ್ಯಪ್‌ಗಳಷ್ಟೆ. ಫೋನ್ ಯಾವ ಮಾರುಕಟ್ಟೆಯದೆಂಬ ಗುರುತು ಹಾಗೇ ಉಳಿಯುತ್ತದೆ.

ಹಾಗೆಂದು ದಾರಿಯಿಲ್ಲವೆಂದಲ್ಲ. ಸ್ಯಾಮ್‌ಸಂಗ್ ಫೋನಿನ ಒಳಗೆ ಸಿಸ್ಟಂ ಸೆಟ್ಟಿಂಗ್‌ಗಳ ಒಂದು ಕೋಷ್ಟಕವಿದೆ. ಅದರಲ್ಲಿ ‘ಸಿಎಸ್‌ಸಿ ಪ್ರೆಫ್ ಕ್ಯಾಮೆರಾ’ ಎಂದು ಶುರುವಾಗಿ ‘ಫೋರ್ಸ್ಡ್ ಶಟರ್‌ಸೌಂಡ್ ಕೀ’ ಎಂದು ಮುಗಿಯುವ ಒಂದು ಸಾಲು. ಅದರ ಮುಂದೆ 1 ಇದ್ದರೆ ಸದ್ದು ಕಡ್ಡಾಯ, 0 ಮಾಡಿದರೆ ಐಚ್ಛಿಕ. ಮಾಡುವ ಕ್ರಮ ಹೀಗೆ: ‘ಅಬೌಟ್ ಫೋನ್’ನ ‘ಸಾಫ್ಟ್‌ವೇರ್ ಇನ್ಫರ್ಮೇಶನ್’ಗೆ ಹೋಗಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಗೂಗಲ್‌ನವರ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಹಾಕಿರುವ ಕಂಪ್ಯೂಟರಿಗೆ ಫೋನ್ ಜೋಡಿಸಬೇಕು. ಪರದೆಯ ಮೇಲೆ ಬರುವ ಅನುಮತಿಗೆ ‘ಅಲೋ’ ಒತ್ತದಿದ್ದರೆ ಕಂಪ್ಯೂಟರಿಗೆ ಫೋನ್ ಸಿಕ್ಕುವುದೇ ಇಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಆಮೇಲೆ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳಿಸಲು ಆ ಟೂಲ್ಸ್ ಜೊತೆಗೇ ಬರುವ ಸಾಧನ) ಆದೇಶದಿಂದ ಆ ಸಾಲಿನ ಬೆಲೆಯನ್ನು 0 ಮಾಡಿದರಾಯಿತು. ಇನ್ನು ಮುಂದೆ ಫೋನ್ ಸೈಲೆಂಟ್ ಆದರೆ ಕ್ಯಾಮೆರಾವೂ ಸೈಲೆಂಟ್. ದೊಡ್ಡ ಅಪ್‌ಡೇಟ್ ಆದ ಮೇಲೆ 1ಕ್ಕೆ ಮರಳಿದರೆ ಮತ್ತೊಮ್ಮೆ ಇಷ್ಟೇ ಮಾಡಿ. ಕೆಲಸ ಮುಗಿದೊಡನೆ ಡೀಬಗಿಂಗ್ ಆಫ್ ಮಾಡಲು ಮರೆಯಬೇಡಿ.

ಇದೆಲ್ಲ ತಲೆನೋವೆನಿಸಿದರೆ 4ಕೆ ವಿಡಿಯೊ ತೆಗೆದು, ಬೇಕಾದ ಕ್ಷಣವನ್ನು ಚಿತ್ರವಾಗಿ ಉಳಿಸಿಕೊಳ್ಳಿ. ಒಂದೊಂದು ಫ್ರೇಮಿನಲ್ಲೂ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತದೆ. ಮಂಗಟ್ಟೆಯ ಕೊಕ್ಕು ಚೆನ್ನಾಗಿಯೇ ಕಾಣುತ್ತದೆ.

ಟೇಪ್ ಬೇಡ. ಸದ್ದು ಕೆಳಗಿನ ಸ್ಪೀಕರ್‌ನಿಂದ ಮಾತ್ರವಲ್ಲ, ಕಿವಿಗಿಡುವ ಸ್ಪೀಕರ್‌ನಿಂದಲೂ ಬರುತ್ತದೆ. ಜೊತೆಗೆ ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಅಂಟು ಇಳಿದು ಜಾಲರಿ ಕಟ್ಟಿಕೊಂಡರೆ ಕರೆ ಬಂದಾಗಲೂ ಕೇಳಿಸದು. ಇಯರ್‌ಫೋನ್ ಹಾಕಿದರೂ ಉಪಯೋಗವಿಲ್ಲ: ಕಡ್ಡಾಯ ಸದ್ದನ್ನು ಆಂಡ್ರಾಯ್ಡ್ ಹೊರಗಿನ ಸ್ಪೀಕರ್‌ಗೂ ಕಳಿಸುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲೇ ಕೊಂಡ ಆಂಡ್ರಾಯ್ಡ್ ಫೋನನ್ನು ತಮ್ಮ ಓದಲು ಕೊರಿಯಾದ ಸೋಲ್‌ಗೆ ಒಯ್ದಿದ್ದಾನೆ. ಇಲ್ಲಿ ಸುಮ್ಮನಿದ್ದ ಕ್ಯಾಮೆರಾ ಅಲ್ಲಿ ಸದ್ದು ಮಾಡುತ್ತಿದೆಯಂತೆ. ಹೇಗೆ ಸಾಧ್ಯ?
— ಮಡಿಕೇರಿಯ ಓದುಗರು

ಉತ್ತರ: ಅಲ್ಲಿನ ಸಿಮ್ ಹಾಕಿರಬೇಕು. ಪ್ರತಿ ಸಿಮ್‌ನಲ್ಲೂ ಮೂರಂಕಿಯ ದೇಶ ಸಂಕೇತವಿರುತ್ತದೆ. ಭಾರತಕ್ಕೆ 404 ಮತ್ತು 405, ಜಪಾನಿಗೆ 440, ದಕ್ಷಿಣ ಕೊರಿಯಾಕ್ಕೆ 450. ಆಂಡ್ರಾಯ್ಡ್ 440 ಅಥವಾ 450 ಕಂಡರೆ ಶಟರ್ ಸದ್ದನ್ನು ಕಡ್ಡಾಯ ಮಾಡುವ ವ್ಯವಸ್ಥೆ ಅದರ ಮೂಲದಲ್ಲೇ ಇದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರಬಹುದು. ಊರಿಗೆ ಬಂದಾಗ ನಮ್ಮ ಸಿಮ್ ಹಾಕಿ ಫೋನ್ ರೀಸ್ಟಾರ್ಟ್ ಮಾಡಲಿ, ಸರಿಹೋಗುತ್ತದೆ.

ಪ್ರಶ್ನೆ: ಕುಶಾಲನಗರದಲ್ಲಿ ಸೆಕೆಂಡ್‌ಹ್ಯಾಂಡ್ ಐಫೋನ್ ನೋಡಿದ್ದೇನೆ, ಬೆಲೆ ಕಡಿಮೆ. ಜಪಾನಿನದೇ ಎಂದು ತಿಳಿಯುವುದು ಹೇಗೆ?

ಉತ್ತರ: ಸೆಟ್ಟಿಂಗ್ಸ್, ಜನರಲ್, ಅಬೌಟ್, ಮಾಡೆಲ್ ನಂಬರ್. ಕೊನೆಯಲ್ಲಿ ‘ಎಚ್‌ಎನ್/ಎ’ ಇದ್ದರೆ ಭಾರತದ್ದು, ‘ಜೆ/ಎ’ ಜಪಾನ್, ‘ಕೆಎಚ್/ಎ’ ಕೊರಿಯಾ. ಮೊದಲ ಅಕ್ಷರವನ್ನೂ ನೋಡಿ: ‘ಎಂ’ ಹೊಸದಾಗಿ ಮಾರಿದ್ದು, ‘ಎಫ್’ ರೀಫರ್ಬಿಶ್ ಮಾಡಿದ್ದು, ‘ಎನ್’ ಬದಲಿಗೆ ಕೊಟ್ಟದ್ದು. ಹಣ ಕೊಡುವ ಮೊದಲು ಸೈಲೆಂಟ್ ಮಾಡಿ, ಲೈವ್ ಫೋಟೊ ಆಫ್ ಇಟ್ಟು ಒಂದು ಚಿತ್ರ ತೆಗೆಯಿರಿ. ಆಗಲೂ ‘ಕ್ಲಿಕ್’ ಅಂದರೆ ಜಪಾನ್ ಅಥವಾ ಕೊರಿಯಾದ್ದಿರಬೇಕು. ಲೈವ್ ಫೋಟೊ ಆನ್ ಇದ್ದರೆ ಭಾರತದ ಐಫೋನೂ ಮಾಮೂಲಿ ಕ್ಲಿಕ್ ಮಾಡುವುದಿಲ್ಲ, ಪರೀಕ್ಷೆ ದಾರಿ ತಪ್ಪುತ್ತದೆ.

ಪ್ರಶ್ನೆ: ನಮ್ಮ ಹೋಂಸ್ಟೇ ಹಿಂದಿನ ತೊರೆಯಲ್ಲಿ ಅತಿಥಿಗಳು ಸ್ನಾನ ಮಾಡುತ್ತಾರೆ. ಯಾರೋ ಕದ್ದು ಫೋಟೊ ತೆಗೆದರೆಂದು ಒಮ್ಮೆ ಗಲಾಟೆಯಾಯಿತು. ‘ಶಟರ್ ಸೌಂಡ್ ಆನ್ ಇಡಿ’ ಎಂದು ಬೋರ್ಡ್ ಹಾಕಬಹುದೇ? ಜಪಾನಿನಂತೆ ನಮ್ಮಲ್ಲೂ ಕಾನೂನು ಇದೆಯೇ?
— ಕಕ್ಕಬ್ಬೆಯ ಹೋಂಸ್ಟೇ ಮಾಲೀಕರು

ಉತ್ತರ: ಜಪಾನಿನಲ್ಲೂ ಆ ಸದ್ದಿಗೆ ಕಾನೂನಿಲ್ಲ. ಕ್ಯಾಮೆರಾ ಫೋನು ಅಲ್ಲಿ ಮನೆಮಾತಾಗತೊಡಗಿದ 2000ದ ದಶಕದ ಆರಂಭದಲ್ಲಿ ಕದ್ದು ಚಿತ್ರ ತೆಗೆಯುವ ಪಿಡುಗೂ ಬೆಳೆಯಿತು. ಮೊಬೈಲ್ ಸೇವಾ ಕಂಪನಿಗಳೂ ತಯಾರಕರೂ ತಾವಾಗಿ ಹಾಕಿಕೊಂಡ ಕಟ್ಟುಪಾಡು ಅದು. ಕೊರಿಯಾದಲ್ಲಿ 2004ರಲ್ಲಿ ಅಲ್ಲಿನ ದೂರಸಂಪರ್ಕ ತಂತ್ರಜ್ಞಾನ ಸಂಘ 60ರಿಂದ 68 ಡೆಸಿಬೆಲ್ ಸದ್ದಿರಬೇಕೆಂದು ಮಾನದಂಡ ಮಾಡಿತು, ಅದೂ ಕಾಯ್ದೆಯಲ್ಲ. ಅಮೆರಿಕದಲ್ಲಿ 2009ರಲ್ಲಿ ಇಂಥದೊಂದು ಮಸೂದೆ ಮಂಡನೆಯಾಯಿತು, ಅಂಗೀಕಾರವಾಗಲಿಲ್ಲ. ಭಾರತದಲ್ಲಿ ಸದ್ದಿನ ನಿಯಮವಿಲ್ಲ. ಜಪಾನ್ ಕೂಡ 2023ರ ಜುಲೈಯಿಂದ ಜಾರಿಗೆ ತಂದದ್ದು ಕದ್ದು ಲೈಂಗಿಕ ಚಿತ್ರ ತೆಗೆಯುವುದನ್ನೇ ಅಪರಾಧವೆನ್ನುವ ಕಾಯ್ದೆಯನ್ನು.

ಬೋರ್ಡ್ ಹಾಕುವುದಾದರೆ ‘ತೊರೆಯ ಬಳಿ ಫೋನ್ ತರುವಂತಿಲ್ಲ’ ಎಂದೇ ಹಾಕಿ. ವಿಡಿಯೊ ತೆಗೆಯುವಾಗ ಕ್ಲಿಕ್ ಇರುವುದಿಲ್ಲ. ಸದ್ದು ಮಾಡದ ಬೇರೆ ಕ್ಯಾಮೆರಾ ಆ್ಯಪ್‌ಗಳೂ ಧಾರಾಳವಾಗಿವೆ. ಸಾಲದ್ದಕ್ಕೆ, ಹರಿಯುವ ನೀರಿನ ಪಕ್ಕ ಹತ್ತು ಹೆಜ್ಜೆ ದೂರದ ಕ್ಲಿಕ್ ಯಾರ ಕಿವಿಗೆ ಬಿದ್ದೀತು? ನಮ್ಮ ಅಭಿಪ್ರಾಯದಲ್ಲಿ ಈ ಕಡ್ಡಾಯ ಸದ್ದು ಮಲಗಿದ ಮಗುವಿನ ಫೋಟೊ ತೆಗೆಯುವ ತಾಯಿಯನ್ನು ಕಾಡುವಷ್ಟು ಕಳ್ಳನನ್ನು ಕಾಡುವುದಿಲ್ಲ.

ನಮ್ಮಲ್ಲಿ ಕೆಲಸಕ್ಕೆ ಬರುವ ಕಾನೂನು ಎರಡು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್: ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ ಅಥವಾ ಹಂಚಿದರೆ ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ: ಒಪ್ಪಿಗೆಯಿಲ್ಲದೆ ಯಾರದೇ ಗುಪ್ತಾಂಗದ ಚಿತ್ರ ತೆಗೆದರೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಗಂಡಸರಿಗೂ ರಕ್ಷಣೆ ಕೊಡುತ್ತದೆ.

ಗಲಾಟೆಯಾದಾಗ ಎಲ್ಲರೂ ಮಾಡುವ ತಪ್ಪೆಂದರೆ ‘ಡಿಲೀಟ್ ಮಾಡು’ ಎಂದು ಗದರಿಸಿ ಕಳಿಸಿಬಿಡುವುದು. ಅಳಿಸಿದ್ದು ಗ್ಯಾಲರಿಯ ಬಿನ್‌ನಲ್ಲಿ, ಐಫೋನಾದರೆ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಸಾಮಾನ್ಯವಾಗಿ 30 ದಿನ ಕೂತಿರುತ್ತದೆ, ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ 60 ದಿನ. ಆತ ಗೇಟು ದಾಟಿದ ಮೇಲೆ ವಾಪಸ್ ಪಡೆಯಬಹುದು. ದೂರು ಕೊಡುವುದಾದರಂತೂ ಅದೇ ಸಾಕ್ಷ್ಯ, ಅಳಿಸಲೇಬಾರದು. ಫೋನ್ ಕಿತ್ತುಕೊಂಡು ನೀವೇ ಹುಡುಕಲು ಹೋಗಬೇಡಿ. 112ಕ್ಕೆ ಕರೆ ಮಾಡಿ, ಸಮಯ, ಜಾಗ, ಕಂಡವರ ಹೆಸರು, ಅತಿಥಿಗಳ ರಿಜಿಸ್ಟರ್ ಪುಟ ಸಿದ್ಧವಿಟ್ಟುಕೊಳ್ಳಿ. ಅತಿಥಿ ಅಂದೇ ಬೆಂಗಳೂರಿಗೆ ಹೊರಟರೂ ಅಲ್ಲಿನ ಯಾವುದೇ ಠಾಣೆಯಲ್ಲಿ ‘ಝೀರೊ ಎಫ್‌ಐಆರ್’ ದಾಖಲಿಸಬಹುದು.

ಪ್ರಶ್ನೆ: ಮದುವೆ ಫೋಟೊಗ್ರಫಿ ಮಾಡುತ್ತೇನೆ. ಮುಹೂರ್ತದ ಹೊತ್ತಿಗೆ ಸದ್ದು ಬೇಡವೆಂದು ಮಿರರ್‌ಲೆಸ್ ಕ್ಯಾಮೆರಾವನ್ನು ಸೈಲೆಂಟ್ ಶಟರ್‌ಗೆ ಹಾಕಿದರೆ ಚಿತ್ರದಲ್ಲಿ ಅಡ್ಡಪಟ್ಟೆ ಬರುತ್ತಿದೆ.
— ವಿರಾಜಪೇಟೆ

ಉತ್ತರ: ಮಂಟಪದ ಎಲ್‌ಇಡಿಯ ಕೆಲಸ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಬೆಳಕು, ಕೆಲವಕ್ಕೆ ಮಬ್ಬು. ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿ. ಬಣ್ಣ ಬದಲಿಸುವ ಅಲಂಕಾರದ ದೀಪಗಳು ಇನ್ನೂ ವೇಗವಾಗಿ ಮಿನುಗುವುದರಿಂದ ಅವಕ್ಕೆ ಈ ಲೆಕ್ಕ ಸಾಲದು. ಕ್ಯಾಮೆರಾದಲ್ಲಿ ವೇರಿಯಬಲ್ ಶಟರ್ (ಶಟರ್ ವೇಗವನ್ನು ಚೂರುಚೂರೇ ಬದಲಿಸುವ ಸೌಲಭ್ಯ) ಇದ್ದರೆ ಪಟ್ಟೆ ಮಾಯವಾಗುವವರೆಗೆ ಪರದೆ ನೋಡುತ್ತಾ ಹೊಂದಿಸಿ, ಇಲ್ಲದಿದ್ದರೆ ಮೆಕ್ಯಾನಿಕಲ್ ಶಟರ್‌ಗೇ ಮರಳಿ. ವಾಲಗದ ನಡುವೆ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ.