ಬೂಟ್ ಆಗುವಾಗ ನಿಂತುಹೋಗುವ ಕರ್ನಲ್: ಶೆಟ್ಟರ ಪ್ರಶ್ನೆಗೆ ಉತ್ತರ

ನಮಸ್ಕಾರ ಶೆಟ್ಟರೇ. ಉಡುಪಿ ಬಳಿಯ ನಿಮ್ಮ ತೋಟದಲ್ಲಿ ಪಂಪ್ ನಡೆಸುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಸೋರ್ಸ್ ಕೋಡಿನಿಂದ ನೀವೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಹಾಕಿದರೆ ಪರದೆಯಲ್ಲಿ ಒಂದಷ್ಟು ಸಾಲುಗಳು ಬಂದು ಯಂತ್ರ ಅಲ್ಲಿಯೇ ನಿಲ್ಲುತ್ತದೆ, ಹಳೆಯ ಕರ್ನಲ್ ಮಾತ್ರ ಸರಿಯಾಗಿ ಏಳುತ್ತದೆ, ಕೊನೆಯ ಸಾಲಿನಲ್ಲಿ ಯುಎಸ್‌ಬಿ ಎಂದಿರುವುದರಿಂದ ಆ ಡ್ರೈವರನ್ನೇ ತೆಗೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ತೆಗೆಯಬೇಡಿ. ಕೊನೆಯ ಸಾಲು ಸಾಮಾನ್ಯವಾಗಿ ಮುಗಿದುಹೋದ ಕೆಲಸದ ವರದಿಯಾಗಿರುತ್ತದೆ. ಸಿಕ್ಕಿಹಾಕಿಕೊಂಡ ಕೆಲಸ ಅದರ ನಂತರದ್ದು, ಅದು ಏನನ್ನೂ ಬರೆಯುವ ಮೊದಲೇ ನಿಂತಿರುತ್ತದೆ.

ಹಳೆಯ ಕರ್ನಲ್ ಏಳುತ್ತಿದೆ ಎಂದಮೇಲೆ ಬೋರ್ಡು, ಕಾರ್ಡು, ಅಡಾಪ್ಟರುಗಳನ್ನು ಸದ್ಯಕ್ಕೆ ಸಂಶಯಿಸಬೇಕಾಗಿಲ್ಲ. ಹೊಸ ಕರ್ನಲ್ ಜೊತೆಗೆ ಅದರದ್ದೇ ಡಿವೈಸ್ ಟ್ರೀ ಫೈಲುಗಳನ್ನೂ (ಬೋರ್ಡಿನಲ್ಲಿ ಏನೇನಿದೆ ಎಂಬ ವಿವರ) ಮಾಡ್ಯೂಲ್‌ಗಳನ್ನೂ (ಕರ್ನಲ್ಲಿನ ಹೊರಗೆ ಬೇರೆ ಫೈಲಾಗಿರುವ ಡ್ರೈವರ್ ಮುಂತಾದ ಭಾಗಗಳು) ನಕಲಿಸಿದ್ದೀರಾ ಎಂಬುದನ್ನು ಮಾತ್ರ ಮೊದಲು ನೋಡಿಬಿಡಿ.

ನಂತರ ಎಚ್‌ಡಿಎಂಐ ಪರದೆಯನ್ನು ನಂಬುವುದನ್ನು ಬಿಟ್ಟು ಸೀರಿಯಲ್ ಮೂಲಕ, ಅಂದರೆ ಪೈಯ ಪಿನ್ನುಗಳಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದು, ಬೂಟಿನ ಲಾಗ್ (ಕರ್ನಲ್ ಬರೆಯುವ ಸಂದೇಶಗಳು) ತೆಗೆಯಬೇಕು. ಮಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ ಒಂದು ಯುಎಸ್‌ಬಿ-ಟಿಟಿಎಲ್ ಕೇಬಲ್ ತನ್ನಿ. ಅದರ ಸಿಗ್ನಲ್ 3.3 ವೋಲ್ಟಿನದ್ದೇ ಆಗಿರಬೇಕು, 5 ವೋಲ್ಟಿನದ್ದಾದರೆ ಪೈ ಹಾಳಾಗುತ್ತದೆ. ಪೈಯ 6ನೇ ಪಿನ್ನಿಗೆ ಕೇಬಲ್ಲಿನ ಗ್ರೌಂಡ್, 8ನೇ ಪಿನ್ನಿಗೆ ಕೇಬಲ್ಲಿನ ಆರ್‌ಎಕ್ಸ್ (ಪಡೆಯುವ ತಂತಿ), 10ನೇ ಪಿನ್ನಿಗೆ ಟಿಎಕ್ಸ್ (ಕಳಿಸುವ ತಂತಿ) ಜೋಡಿಸಿ. ಕೇಬಲ್ಲಿನ ಪವರ್ ತಂತಿಯನ್ನು ಜೋಡಿಸಬೇಡಿ. ಪೈಯ ಬೂಟ್ ಪಾರ್ಟಿಷನ್ನಿನ ಕಾನ್ಫಿಗ್ ಫೈಲಿನಲ್ಲಿ ಎನೇಬಲ್_ಯುಎಆರ್‌ಟಿ=1 ಇರಲಿ, ಲ್ಯಾಪ್‌ಟಾಪಿನಲ್ಲಿ ವೇಗ 115200 ಇಡಿ. ನಮ್ಮ ಕರಾವಳಿಯ ತೇವದಲ್ಲಿ ಪಂಪ್ ಶೆಡ್ಡಿನಲ್ಲಿದ್ದ ಬೋರ್ಡಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದುಂಟು; ಅಕ್ಷರಗಳು ಕಲಸಿಹೋದಂತೆ ಬಂದರೆ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ನೋಡಿ.

ಇನ್ನು ಅದೇ ಬೂಟ್ ಪಾರ್ಟಿಷನ್ನಿನಲ್ಲಿರುವ, ಕರ್ನಲ್ಲಿಗೆ ಸೂಚನೆ ಕೊಡುವ ಸಿಎಂಡಿಲೈನ್ ಫೈಲಿನಿಂದ ಕ್ವಯಟ್ ಮತ್ತು ಸ್ಪ್ಲ್ಯಾಶ್ ಎಂಬ ಪದಗಳನ್ನು ತೆಗೆದು, ಇಗ್ನೋರ್_ಲಾಗ್‌ಲೆವೆಲ್ ಮತ್ತು ಇನಿಟ್‌ಕಾಲ್_ಡಿಬಗ್ ಎಂಬೆರಡನ್ನು ಸೇರಿಸಿ. ಆ ಫೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರಬೇಕು. ಈಗ ಕರ್ನಲ್ ಪ್ರತಿಯೊಂದು ಆರಂಭಿಕ ಫಂಕ್ಷನ್ನನ್ನು ಕರೆಯುವಾಗ ‘ಕಾಲಿಂಗ್’ ಎಂದು ಅದರ ಹೆಸರನ್ನೂ, ಅದು ಮರಳಿದಾಗ ‘ರಿಟರ್ನ್ಡ್ 0’ ಎಂದು ತೆಗೆದುಕೊಂಡ ಮೈಕ್ರೊಸೆಕೆಂಡುಗಳನ್ನೂ ಬರೆಯುತ್ತದೆ. ಲಾಗಿನ ಕೊನೆಯಿಂದ ಮೇಲಕ್ಕೆ ಓದುತ್ತ ಬನ್ನಿ: ಕರೆದದ್ದು ಇದೆ, ಮರಳಿದ್ದು ಇಲ್ಲ ಎಂಬ ಹೆಸರು ಸಿಕ್ಕರೆ ಹುಡುಕಬೇಕಾದ ಜಾಗ ಅದೇ. ಅದೇ ಸಾಲಿನಲ್ಲಿ ಇನಿಟ್‌ಕಾಲ್_ಬ್ಲ್ಯಾಕ್‌ಲಿಸ್ಟ್= ಎಂದು ಬರೆದು ಆ ಹೆಸರನ್ನು ಕೊಟ್ಟರೆ ಮರು ಕಂಪೈಲ್ ಮಾಡದೆಯೇ ಅದೊಂದನ್ನು ಬಿಟ್ಟು ಬೂಟ್ ಮಾಡಿ ಪರೀಕ್ಷಿಸಬಹುದು. ಇಷ್ಟೆಲ್ಲ ಬರೆಸತೊಡಗಿದ ಮೇಲೆ ಯಂತ್ರ ನಿಲ್ಲುವುದೇ ತಪ್ಪಿಹೋದರೆ, ಸಮಸ್ಯೆ ಎರಡು ಕೆಲಸಗಳಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂಬ ಹಿಂದುಮುಂದಿನಲ್ಲಿದೆ ಎಂದು ಅನುಮಾನಿಸಬೇಕು, ಏಕೆಂದರೆ ಲಾಗ್ ಬರೆಯುವುದೇ ಬೂಟನ್ನು ನಿಧಾನಗೊಳಿಸುತ್ತದೆ.

ನಿಂತುಹೋದಂತೆ ಕಾಣುವ ಎರಡು ಸಂದರ್ಭಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ರೂಟ್ ಡಿವೈಸಿಗಾಗಿ (ಮುಖ್ಯ ಫೈಲುಗಳಿರುವ ಸಾಧನ, ಇಲ್ಲಿ ಎಸ್‌ಡಿ ಕಾರ್ಡು) ಕಾಯುತ್ತಿದ್ದೇನೆ ಎಂಬ ಸಾಲು ಕೊನೆಯದಾಗಿದ್ದರೆ ಕರ್ನಲ್ ಸತ್ತಿಲ್ಲ, ಕಾರ್ಡು ಕಾಣದೆ ಕಾದು ಕುಳಿತಿದೆ. ಸ್ವಂತವಾಗಿ ಕಂಪೈಲ್ ಮಾಡುವಾಗ ಎಸ್‌ಡಿ ಕಾರ್ಡಿನ ಡ್ರೈವರನ್ನು ಮಾಡ್ಯೂಲ್ ಆಗಿ ಬಿಟ್ಟು, ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಆರಂಭದಲ್ಲಿ ಮೆಮೊರಿಗೆ ತುಂಬುವ ಪುಟ್ಟ ಫೈಲ್‌ಸಿಸ್ಟಮ್) ಕೊಡದಿದ್ದರೆ ಹೀಗಾಗುತ್ತದೆ: ಕಾರ್ಡನ್ನು ಓದುವ ಡ್ರೈವರ್ ಆ ಕಾರ್ಡಿನ ಒಳಗೇ ಉಳಿದುಬಿಡುತ್ತದೆ. ಆ ಡ್ರೈವರನ್ನೂ, ಎಕ್ಸ್ಟ್4 ಫೈಲ್‌ಸಿಸ್ಟಮನ್ನೂ ಕರ್ನಲ್ ಒಳಗೇ ಸೇರಿಸಿ ಕಂಪೈಲ್ ಮಾಡಿ. ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನವೂ ಇದರ ಮೇಲೆಯೇ. ಎರಡನೆಯದು, ಬೂಟಿನ ಕೊನೆಯ ಹಂತದಲ್ಲಿ ಯಾರೂ ಬಳಸದ ಕ್ಲಾಕುಗಳನ್ನು (ಚಿಪ್ಪಿನ ಭಾಗಗಳನ್ನು ನಡೆಸುವ ಮಿಡಿತದ ಸಿಗ್ನಲ್‌ಗಳು) ಕರ್ನಲ್ ಆಫ್ ಮಾಡುವುದು. ಯಾವುದೋ ಡ್ರೈವರ್ ತನಗೆ ಬೇಕಾದ ಕ್ಲಾಕನ್ನು ಕೇಳಿ ಪಡೆಯದಿದ್ದರೆ ಆ ಕ್ಷಣದಲ್ಲಿ ಎಲ್ಲವೂ ಸ್ತಬ್ಧವಾಗಬಹುದು. ಸಿಎಂಡಿಲೈನ್ ಫೈಲಿನಲ್ಲಿ ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್ ಎಂದು ಸೇರಿಸಿದಾಗ ಬೂಟ್ ಆದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ, ಆದರೆ ಅದನ್ನೇ ಪರಿಹಾರವೆಂದು ಶಾಶ್ವತವಾಗಿ ಬಿಡಬೇಡಿ.

ಇವೆರಡೂ ಅಲ್ಲವಾದರೆ, ಮತ್ತು ಹಳೆಯ, ಹೊಸ ಎರಡೂ ಕರ್ನಲ್‌ಗಳು ಒಂದೇ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಮೂಲದವಾದರೆ, ಬದಲಾವಣೆಗಳ ಸಾಲನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತ ಹುಡುಕುವ ಗಿಟ್ ಬೈಸೆಕ್ಟ್ ಹಿಡಿಯಿರಿ. ಸಾವಿರ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಅಂತರವಿದ್ದರೂ ಸುಮಾರು 10 ಸಲ ಕಂಪೈಲ್ ಮಾಡಿದರೆ ಕೆಡಿಸಿದ ಬದಲಾವಣೆ ಸಿಗುತ್ತದೆ. ಪ್ರತಿ ಸಲವೂ ಒಂದೇ ಕರ್ನಲ್ ಕಾನ್ಫಿಗ್ (ಕಂಪೈಲ್ ಮಾಡುವಾಗಿನ ಆಯ್ಕೆಗಳ ಫೈಲು) ಬಳಸುವುದು ಮುಖ್ಯ. ಹಳೆಯ ಕರ್ನಲ್ ಫೈಲನ್ನು ಅಳಿಸದೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡರೆ ಬೂಟ್ ಪಾರ್ಟಿಷನ್ನಿನ ಕಾನ್ಫಿಗ್ ಫೈಲಿನ ‘ಕರ್ನಲ್=’ ಸಾಲೊಂದನ್ನು ಬದಲಿಸಿ ಪಂಪನ್ನು ಎಂದಿನಂತೆ ನಡೆಸಬಹುದು.

ಸೀರಿಯಲ್ ಲಾಗ್ ಸಿಕ್ಕಿದ ಕೂಡಲೇ ಫೋಟೋ ಬದಲು ಟೆಕ್ಸ್ಟ್ ಆಗಿಯೇ ಇಲ್ಲಿ ಹಾಕಿ, ಮೊದಲ ಸಾಲಿನಿಂದ ಕೊನೆಯವರೆಗೆ, ಜೊತೆಗೆ ನಿಮ್ಮ ಕರ್ನಲ್ ಕಾನ್ಫಿಗ್ ಫೈಲೂ ಇರಲಿ.